ನಾರೆದ್ದ ಹಗ್ಗಗಳು

ಸುಹಾ ದ್ರಾಗಾ
ಅಕ್ಟೋಬರ್ 14

ನೇದಾ ಪುಟ್ಟಿ,

ಈ ಸಲ ಕಾಗದಾನ ಚಿಪ್ಪಿ ಡಬ್ಬದ ಮೇಲೆ ಅಂಟಿಸಿದೀನಿ. ಹೋದ್ಸಲ ಒಳಗಿಟ್ಟು ನೆನೆದು ಮುದ್ದೆಯಾಗಿತ್ತಲ್ಲ, ನೀನು ಓದಿದ್ದು ಬರೀ 'ಪುಟ್ಟಿ' ಅನ್ನೋದೊಂದೇ ಅಂತ ಬರೆದಿದ್ದೆ. ಬಸ್ ಡ್ರೈವರ್ ಶಿಮೆಗೆ ಹೇಳಿದೀನಿ, ಸ್ಪ್ಲಿಟ್ ಬಸ್ ಸ್ಟ್ಯಾಂಡಲ್ಲಿ ನೀನು ಬರೋವರೆಗೂ ಡಬ್ಬ ನೆರಳಲ್ಲಿಡಪ್ಪಾ ಅಂತ. ಅವನು ಏನೋ ಅಂದ. ಹ್ಞೂಂ ಅಂದನೋ ಬೈದನೋ ದೇವರಿಗೇ ಗೊತ್ತು, ನಂಗಂತೂ ಕೇಳಿಸ್ಲಿಲ್ಲ.

ಫೋನಲ್ಲಿ ಬೆರಳೊತ್ತಿ ಬರಿ ಅಂತ ಮತ್ತೆ ಶುರು ಮಾಡ್ಬೇಡ. ನಂದು ಚಿಪ್ಪಿ ಹಗ್ಗ ಎಳೆದ ಬೆರಳು, ಒಂದು ಒತ್ತಿದ್ರೆ ಮೂರು ಅಕ್ಷರ ಬೀಳತ್ತೆ. ಮಾತಾಡೋಣ ಅಂದ್ರೆ ಸಾರ್ಡೀನ್ ಕಾರ್ಖಾನೆಯ ಡಬ್ಬಿ ಮುಚ್ಚೋ ಮಷೀನು ನನ್ನ ಕಿವಿ ಎರಡನ್ನೂ ನುಂಗಿ ಕೂತಿದೆ. ಕಾಗದವೇ ಸಾಕು ಕಣೇ. ಎಷ್ಟು ಸಲ ಬೇಕಾದ್ರೂ ಓದ್ಕೋಬಹುದು.

ನಿನ್ನ ಪ್ರಯೋಗಾಲಯದ ವಿಷಯ ಅಂಗಡೀಲಿ ಹೇಳಿಬಿಟ್ಟೆ, ಬೇಜಾರು ಮಾಡ್ಕೋಬೇಡ. ಕರಾವಳಿ ಉದ್ದಕ್ಕೂ ಚಿಪ್ಪಿ ತರಿಸಿ ಅದರೊಳಗೆ ಎಷ್ಟು ಪ್ಲಾಸ್ಟಿಕ್ ಪುಡಿ ಇದೆ ಅಂತ ನೋಡ್ತಾರಂತೆ, ಎಲ್ಲದಕ್ಕೂ ಹೋಲಿಸಿ ನೋಡೋಕೆ ಒಂದು ಶುದ್ಧವಾದ ಚಿಪ್ಪಿ ಬೇಕಂತೆ, ಅದು ನಾನು ಬೆಳೆಸಿದ್ದೇ ಅಂತೆ, ಅಂದೆ. ಯೋಸೊ ಮಾಮ ಮುಖ ಹುಳಿ ಮಾಡ್ಕೊಂಡ್ರು. ಅವರ ಚಿಪ್ಪಿ ಯಾರೂ ಕೇಳಿಲ್ವಲ್ಲ, ಅದಕ್ಕೆ. ಪಕ್ಕದ ಮನೆ ಆಂಜಾ ಮಾತ್ರ ಕೈ ಹಿಡಿದು ಕುಲುಕಿದಳು, ನಾನೇ ಪರೀಕ್ಷೆ ಪಾಸಾದ ಹಾಗೆ.

ವಿಂಕೊ ಹಡಗು ಈಗ ಎಲ್ಲಿದೆ? ಗಂಡ ಆರು ತಿಂಗಳು ಸಮುದ್ರದಲ್ಲಿ, ಹೆಂಡತಿ ಮೂರನೇ ಮಹಡೀಲಿ ಒಬ್ಬಳೇ. ಇದೆಂಥಾ ಸಂಸಾರವೋ.

ಹೋದ ವರ್ಷ ಆ ಫೆಬ್ರವರೀಲಿ ಆಸ್ಪತ್ರೆಯಿಂದ ಬರಿಗೈಲಿ ಮನೆಗೆ ಬಂದೆಯಲ್ಲ, ಅವತ್ತಿಂದ ನೀನು ಈ ಕಡೆ ಕಾಲಿಟ್ಟಿಲ್ಲ. ಕೇಳ್ತಿಲ್ಲ, ಸುಮ್ನೆ ಹೇಳಿದೆ. ನಂಗೂ ಆಗ ಏನು ಹೇಳ್ಬೇಕು ಅಂತ ತಿಳೀಲಿಲ್ಲ, ಚಿಪ್ಪಿ ಕಳಿಸ್ತಾ ಹೋದೆ. ನಿನ್ನ ಹಾಸಿಗೆಗೆ ಬಿಸಿಲು ತೋರಿಸಿ ಇಟ್ಟಿದೀನಿ.

ಬೆಳ್ಳುಳ್ಳಿ ಜಾಸ್ತಿ ಹಾಕ್ಕೊಂಡು ಬೇಯಿಸ್ಕೋ.

ನಿನ್ನ ಅಕ್ಕ,
ಯೆರ್ಕಾ


ಸ್ಪ್ಲಿಟ್
ಅಕ್ಟೋಬರ್ 29

ಅಕ್ಕಾ,

ಡಬ್ಬ ಸಿಕ್ಕಿತು. ಶಿಮೆ ನೆರಳಲ್ಲೇ ಇಟ್ಟಿದ್ದ, ಪಾಪ. ನಿನ್ನ ಅಕ್ಕ ನನ್ನನ್ನ ಕೂಲಿಯವನು ಅಂದ್ಕೊಂಡಿದಾಳೆ ಅಂದ, ಆಮೇಲೆ ನಕ್ಕ.

ವಿಂಕೊ ಬ್ರೆಜಿಲ್ ದಾಟಿದ್ದಾನೆ. ಭಾನುವಾರಕ್ಕೊಮ್ಮೆ ಫೋನ್ ಮಾಡ್ತಾನೆ. ಅಲ್ಲಿ ಮಳೆ, ಇಲ್ಲಿ ಬಿಸಿಲು ಅಂತ ಹೇಳ್ಕೊಂಡು ಮುಗಿಸ್ತೀವಿ.

ನಿನ್ನನ್ನ ಒಂದು ವಿಷಯ ಕೇಳ್ಬೇಕಿತ್ತು, ಬರೀ ಕುತೂಹಲ. ಮರಿ ಚಿಪ್ಪಿ ಕೂರಿಸೋಕೆ ನೀರಿಗೆ ಇಳಿಬಿಡ್ತೀಯಲ್ಲ, ಆ ಹಗ್ಗಗಳು ಎಲ್ಲಿಯವು? ನಾನು ಅಲ್ಲಿದ್ದಾಗ ಬಿಳೀ ಹಗ್ಗ ಇರ್ತಿದ್ವು. ಈಗ ನೀಲಿ ಇದೆಯಾ? ಒಂದು ಗೇಣು ತುಂಡು ಕತ್ತರಿಸಿ ಕಳಿಸ್ತೀಯಾ? ಅಲ್ಯೂಮಿನಿಯಂ ಹಾಳೇಲಿ ಸುತ್ತು, ಪ್ಲಾಸ್ಟಿಕ್ ಚೀಲಕ್ಕೆ ಹಾಕ್ಬೇಡ.

ಇನ್ನೇನಿಲ್ಲ. ಕೆಲಸ ಜಾಸ್ತಿ.

ನಿನ್ನ
ನೇದಾ


ಸುಹಾ ದ್ರಾಗಾ
ನವೆಂಬರ್ 8

ನೇದಾ ಪುಟ್ಟಿ,

ಹಗ್ಗ ಕಳಿಸಿದೀನಿ. ಇದರಲ್ಲಿ ಏನು ಕುತೂಹಲವೋ ನಂಗೆ ತಿಳೀಲಿಲ್ಲ. ನಿಂಗೆ ಏಳು ವರ್ಷ ಇದ್ದಾಗ ಅಮ್ಮ ಹೋದಳು, ಅವತ್ತಿಂದ ನಿನ್ನನ್ನ ಸಾಕಿದೀನಿ. 'ಬರೀ ಕುತೂಹಲ' ಅಂತ ನೀನು ಅಂದಾಗಲೆಲ್ಲ ಮನೇಲಿ ಏನೋ ಒಡೆದಿರ್ತಿತ್ತು.

ಇದರ ಕಥೆ ಕೇಳು. ಆಚೆ ಕೊಲ್ಲಿಯ ಹಡಗು ರಿಪೇರಿ ಕಟ್ಟೆ ಮುಚ್ಚಿ ಕಾಲ ಆಯ್ತಲ್ಲ. ಈಗ್ಗೆ ಮೂರು ವರ್ಷ ಮುಗಿದು ನಾಲ್ಕಕ್ಕೆ ಬಿತ್ತು, ಅಲ್ಲಿ ಗೇಟಿನ ಕಾವಲುಗಾರ ಯೋಸೊ ಮಾಮನಿಗೆ ಹೇಳಿದ್ನಂತೆ, ಹಡಗು ಕಟ್ಟೋ ದಪ್ಪ ಹಗ್ಗಗಳು ಕೆಸರಲ್ಲಿ ಬಿದ್ದಿವೆ, ಬೇಕಾದ್ರೆ ಎಳ್ಕೊಂಡು ಹೋಗಿ ಅಂತ. ಮಾಮನ ಲಾರೀಲಿ ಹೋದ್ವಿ. ನೋಡಿದ ತಕ್ಷಣ ನನ್ನ ಬಾಯಲ್ಲಿ ನೀರು ಬಂತು ಕಣೇ! ಬಿಸಿಲು ತಿಂದು, ತಿಕ್ಕಾಡಿ, ಮೈಯೆಲ್ಲಾ ನಾರೆದ್ದು, ಮುದಿ ಬೆಕ್ಕಿನ ತುಪ್ಪಳದ ಹಾಗೆ ಆಗಿದ್ವು. ಹೊಸ ಹಗ್ಗ ನುಣ್ಣಗಿರತ್ತೆ, ಮರಿ ಚಿಪ್ಪಿ ಅದರ ಮೇಲೆ ಕೂರೋಕೆ ಮೂಗು ಮುರಿಯತ್ತೆ. ನಾರೆದ್ದಿದ್ರೆ ಹಿಡ್ಕೊಳ್ಳೋಕೆ ಸಿಗತ್ತಲ್ಲ, ಕಂತೆ ಕಂತೆ ಬಂದು ಕೂರತ್ತೆ. ಇದು ನಿಮ್ಮ ಪುಸ್ತಕದಲ್ಲೂ ಇರಬೇಕು. ಇಲ್ಲಿ ಎಲ್ಲರಿಗೂ ಗೊತ್ತಿರೋದೇ.

ಆ ವಸಂತದಲ್ಲಿ ಇಳಿಬಿಟ್ಟೆ. ಮರಿ ಹೇಗೆ ಬಂತು ಅಂದ್ರೆ ಹಗ್ಗವೇ ಕಾಣ್ತಿರಲಿಲ್ಲ. ಈ ದಂಡೇಲಿ ಬೀಜಾನ, ಮರಿ ಕೂತ ಹಗ್ಗಾನ, ಮಾರೋ ಪದ್ಧತಿ ಇಲ್ಲ ಅಂತ ನಿಂಗೆ ನೆನಪಿದ್ಯಲ್ಲ. ಯಾರ ಹಗ್ಗಕ್ಕೆ ಮರಿ ಚೆನ್ನಾಗಿ ಕೂತಿದೆಯೋ ಅವರು ಪಕ್ಕದವರಿಗೆ ಕೊಡಬೇಕು. ನಾನೂ ಕೊಟ್ಟೆ, ಮಾಮನಿಗೆ, ಆಂಜಾಗೆ. ಜೀವಮಾನದಲ್ಲಿ ಮೊದಲನೇ ಸಲ ನಾನು ಕೊಡೋಳಾಗಿದ್ದೆ. ಪ್ರತೀ ವಸಂತವೂ ಕೊಡ್ತಾ ಬಂದಿದೀನಿ.

ಈಗ ಹೇಳು, ಯಾಕೆ ಕೇಳಿದೆ?

ನಿನ್ನ ಅಕ್ಕ,
ಯೆರ್ಕಾ


ಸ್ಪ್ಲಿಟ್
ನವೆಂಬರ್ 27

ಅಕ್ಕಾ,

ಕೂತ್ಕೊಂಡು ಓದು. ಒಲೆ ಮೇಲೆ ಏನಾದ್ರೂ ಇದ್ರೆ ಇಳಿಸಿ ಬಾ.

ನಿನ್ನ ಚಿಪ್ಪಿಯೊಳಗೆ ನೀಲಿ ನಾರಿನ ಚೂರು ಸಿಕ್ಕಿವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಪ್ಲಾಸ್ಟಿಕ್ ಚೂರು ಈಗ ಎಲ್ಲಾ ಸಮುದ್ರದಲ್ಲೂ ಸಿಗತ್ತೆ, ಅಷ್ಟೇ ಆಗಿದ್ರೆ ನಾನು ಹಗ್ಗ ಕೇಳ್ತಾನೇ ಇರಲಿಲ್ಲ. ಆ ಚೂರು ತನ್ನ ಜೊತೆ ಹೊತ್ತು ತಂದದ್ದು ನೋಡಿ ಹೆದರಿದೆ. ಹಡಗಿನ ತಳಕ್ಕೆ ಪಾಚಿ ಹಿಡೀಬಾರದು ಅಂತ ಹಿಂದೆ ಬಣ್ಣದಲ್ಲಿ ಒಂದು ವಿಷ ಬೆರೆಸ್ತಿದ್ರು, ಆಮೇಲೆ ಅದನ್ನ ನಿಷೇಧಿಸಿದರು. ಅದು ಇತ್ತು. ಹಳೇ ಯಂತ್ರಗಳ ಎಣ್ಣೆಯ ವಿಷವೂ ಇತ್ತು. ಯಂತ್ರ ತಪ್ಪು ತೋರಿಸ್ತಿದೆ ಅಂದ್ಕೊಂಡು ಮತ್ತೆ ಮಾಡಿದೆ. ಮತ್ತೆ ಅದೇ. ಆಮೇಲೆ ನಿನ್ನ ಹಗ್ಗದ ತುಂಡು ಬಂತು. ಅದರಲ್ಲಿ ಚಿಪ್ಪಿಗಿಂತ ಎಷ್ಟೋ ಪಾಲು ಜಾಸ್ತಿ ಇದೆ.

ಈ ವಿಷಗಳಿಗೆ ನೀರು ಕಂಡ್ರೆ ಅಷ್ಟಕ್ಕಷ್ಟೆ. ಹತ್ತಿರದಲ್ಲಿ ಪ್ಲಾಸ್ಟಿಕ್ ಸಿಕ್ಕಿದ್ರೆ ಅದಕ್ಕೆ ಅಂಟ್ಕೊಂಡು ಒಳಗೆ ಇಳಿದು ಕೂತ್ಕೊಳ್ತವೆ. ಟೊಮೆಟೊ ಗೊಜ್ಜು ಇಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ಉಜ್ಜಿದ್ರೂ ಕೆಂಪಾಗೇ ಇರತ್ತಲ್ಲ, ಹಾಗೆ. ನಿನ್ನ ಹಗ್ಗ ಆ ಕಟ್ಟೆಯ ಕೆಸರಲ್ಲಿ ವರ್ಷಗಟ್ಟಲೆ ಬಿದ್ದು ಇದನ್ನೇ ಹೀರ್ತಾ ಇತ್ತು. ಬಿಸಿಲಿಗೆ ಸೀಳಿ ನಾರೆದ್ದಷ್ಟೂ ಹೀರೋ ಜಾಗ ಜಾಸ್ತಿ. ಮರಿಗೆ ಯಾವುದು ಇಷ್ಟವಾಯ್ತೋ ಅದೇ ವಿಷಕ್ಕೂ ಇಷ್ಟವಾಗಿದೆ ಅಕ್ಕಾ. ಈಗ ಚಿಪ್ಪಿ ಅದನ್ನೇ ತಬ್ಬಿಕೊಂಡು ಅದರಿಂದ ಉದುರಿದ್ದನ್ನೇ ಸೋಸಿ ತಿಂತಿದೆ.

ಮೀನುಗಾರಿಕೆ ಇನ್ಸ್‌ಪೆಕ್ಟರು ನಿಮ್ಮ ನೀರು ಒಯ್ದು ಶುದ್ಧ ಅಂದಿದ್ದು ಸುಳ್ಳಲ್ಲ. ನೀರು ಶುದ್ಧವೇ. ಅವರು ಹಗ್ಗ ನೋಡಲಿಲ್ಲ, ಅಷ್ಟೆ. ಚೂರಿನಿಂದ ಮೈಗೆ ಎಷ್ಟು ವಿಷ ಇಳಿಯತ್ತೆ ಅಂತ ನಮ್ಮಲ್ಲೇ ಜಗಳ ಇದೆ. ಸಾಮಾನ್ಯವಾಗಿ ಅದು ಸ್ವಲ್ಪವೇ, ನೀರಿನಿಂದ, ಆಹಾರದಿಂದ ಬರೋದೇ ಜಾಸ್ತಿ ಅನ್ನೋರು ಬಹಳ ಜನ. ನಾನೂ ಹಾಗೇ ಅಂತಿದ್ದೆ. ಆದ್ರೆ ನಿನ್ನ ಚಿಪ್ಪಿಯ ಮಾಂಸದಲ್ಲೇ ಅದು ಮಿತಿ ದಾಟಿದೆ. ಬೇಯಿಸಿದ್ರೆ ಹೋಗಲ್ಲ, ತೊಳೆದ್ರೂ ಹೋಗಲ್ಲ.

ಅಕ್ಕಾ, ಮಾರೋದು ನಿಲ್ಲಿಸು. ಹಗ್ಗ ಎಲ್ಲಾ ಮೇಲೆತ್ತು. ಹಳೇ ಬಲೆ ಸುಟ್ಟ ಹಾಗೆ ದಂಡೇಲಿ ಸುಡಬೇಡ, ಹೊಗೇಲಿ ಇನ್ನೂ ಕೆಟ್ಟದ್ದು ಏಳತ್ತೆ. ಮಾಮನಿಗೂ ಆಂಜಾಗೂ ಹೇಳು. ಕ್ರಿಸ್‌ಮಸ್‌ಗೆ ಮೊದಲು ನಾನು ವರದಿ ಕೊಡಲೇಬೇಕು. ಮುಚ್ಚಿಡೋಕೆ ನನ್ನಿಂದ ಆಗಲ್ಲ. ಜನ ತಿಂತಿದಾರೆ.

ಬೈಯೋದಾದ್ರೆ ಬೈ, ಕಾಗದ ಮಾತ್ರ ನಿಲ್ಲಿಸಬೇಡ.

ನಿನ್ನ
ನೇದಾ


ಸುಹಾ ದ್ರಾಗಾ
ಡಿಸೆಂಬರ್ 3

ಡಾಕ್ಟರ್ ನೇದಾ ಅವರಿಗೆ,

ತಮ್ಮ ಕಾಗದ ತಲುಪಿತು. ತಾವು ದೊಡ್ಡವರು, ಓದಿದವರು, ತಮಗೆ ಎದುರು ಹೇಳೋಕೆ ಡಬ್ಬಿ ಮುಚ್ಚೋ ಹೆಂಗಸು ಯಾರು?

ತಮ್ಮನ್ನ ಓದಿಸೋಕೆ ನಾನು ಮೀನಿನ ವಾಸನೇಲಿ ಇಪ್ಪತ್ತು ವರ್ಷ ನಿಂತೆ. ಆ ಓದನ್ನ ತಾವು ನನ್ನ ಮೇಲೇ ಪ್ರಯೋಗ ಮಾಡಿದ್ದು ಬಹಳ ಸಂತೋಷ. ನಾನು ಊಟಕ್ಕೆ ಅಂತ ಕಳಿಸಿದ್ದನ್ನ ತಾವು ಗಾಜಿನ ಬಾಟಲಿಗೆ ಹಾಕಿದಿರಿ. ಶುದ್ಧವಾದದ್ದು ಅಂತ ಊರೆಲ್ಲಾ ಹೇಳಿಸಿ, ಈಗ ವಿಷ ಮಾರೋಳು ಅಂತ ಹೇಳಿಸ್ತೀರಿ. ಈ ವಯಸ್ಸಿಗೆ ನಾನು ಇನ್ನೊಂದು ಕಸುಬು ಎಲ್ಲಿ ಹುಡುಕಲಿ? ಎರಡು ವರ್ಷದ ಬೆಳೆ ನೀರಲ್ಲಿದೆ. ಅಕ್ಕನ ಮೇಲೆ ದೂರು ಬರೆಯೋಕೆ ಕೈ ಹೇಗಾದ್ರೂ ಬಂತು ನಿಮಗೆ?

ಬರೀರಿ. ಕಾನೂನಿದೆ, ಇನ್ಸ್‌ಪೆಕ್ಟರಿದಾರೆ. ನನ್ನ ಕಾಗದಕ್ಕೆ ಇನ್ನು ಕಾಯಬೇಡಿ.

ಇಂತಿ,
ಯೆರ್ಕಾ


ಸ್ಪ್ಲಿಟ್
ಡಿಸೆಂಬರ್ 23

ಅಕ್ಕಾ,

ನಿನ್ನ 'ತಾವು' ಓದಿ ಅತ್ತುಬಿಟ್ಟೆ. ಚಿಕ್ಕವಳಿದ್ದಾಗ ಹೊಡೆದಿದ್ದೀಯ, ಕೂಡಿ ಹಾಕಿದ್ದೀಯ, 'ತಾವು' ಅಂದಿರಲಿಲ್ಲ.

ವರದಿ ಕೊಟ್ಟೆ. ಕೊಡೋ ಮೊದಲು ನಿನ್ನಿಂದ ಒಂದು ಸಾಲು ಬರಬಹುದು ಅಂತ ಕೊನೇ ದಿನದವರೆಗೂ ಕಾದೆ. ಬಸ್ ಸ್ಟ್ಯಾಂಡಿಗೂ ಹೋಗಿ ನಿಂತೆ. ಶಿಮೆ ನನ್ನ ನೋಡಿ ಎರಡೂ ಕೈ ತೋರಿಸಿದ, ಏನೂ ಇಲ್ಲ ಅಂತ. ಅವನಿಗೂ ಬೇಜಾರಾಗಿತ್ತು.

ವಿಂಕೊ ಹಬ್ಬಕ್ಕೆ ಬರಲ್ಲ, ಹಡಗು ಯಾವುದೋ ಬಂದರಿನ ಹೊರಗೆ ಸರದಿ ಕಾಯ್ತಿದೆಯಂತೆ. ನಾಳೆಗೆ ಒಣಗಿದ ಕಾಡ್ ಮೀನು ನೆನೆ ಹಾಕಿದೀನಿ. ಒಬ್ಬಳಿಗೆ ಎಷ್ಟು ನೆನೆಹಾಕಬೇಕು ಅಂತ ಗೊತ್ತಾಗಲ್ಲ, ಇಬ್ಬರಿಗಾಗೋಷ್ಟು ಆಗೋಗಿದೆ.

ನಾನು ಮಾಡಿದ್ದು ಸರಿ ಅಂತ ಗೊತ್ತು. ಗೊತ್ತಿದ್ದೂ ರಾತ್ರಿ ನಿದ್ದೆ ಬರಲ್ಲ. ನೀನು ನನ್ನ ಬಿಟ್ಟುಬಿಟ್ರೆ ನಂಗೆ ಯಾರಿದಾರೆ? ಇದನ್ನ ಮೊದಲೇ ಹೇಳ್ಬೇಕಿತ್ತು, ಹೇಳಲಿಲ್ಲ.

ಹಬ್ಬದ ಶುಭಾಶಯ ಅಕ್ಕಾ.

ನಿನ್ನ
ನೇದಾ


ಸ್ಪ್ಲಿಟ್
ಜನವರಿ 25

ಅಕ್ಕಾ,

ಇವತ್ತು ಇನ್ಸ್‌ಪೆಕ್ಟರ್ ನಮ್ಮಲ್ಲಿಗೆ ಬಂದಿದ್ರು. ಸುಹಾ ದ್ರಾಗಾಗೆ ಹೋದಾಗ ನೀಲಿ ಹಗ್ಗ ಒಂದೂ ನೀರಲ್ಲಿ ಇರಲಿಲ್ಲ ಅಂದ್ರು. ನಿನ್ನದು, ಮಾಮನದು, ಆಂಜಾದು, ಮೂರೂ ಮನೇದು ದಂಡೇಲಿ ಟಾರ್ಪಾಲಿನ ಕೆಳಗೆ ರಾಶಿ ಬಿದ್ದಿತ್ತಂತೆ. 'ಕಿವಿ ಕೇಳದ ಒಬ್ಬ ಹೆಂಗಸು ಬಂದು, ಇದೆಲ್ಲಾ ನನ್ನದೇ, ಬರ್ಕೊಳ್ಳಿ ಅಂದಳು' ಅಂತ ಹೇಳಿದ್ರು. ಅದು ನನ್ನ ಅಕ್ಕ ಅಂತ ಅವರಿಗೆ ಹೇಳಿದೆ.

ನಾನು ವರದಿ ಕೊಡೋ ಮೊದಲೇ ಎತ್ತಿದ್ದೆಯಂತಲ್ಲ. ಒಂದು ಮಾತು ನಂಗೆ ಬರೆಯೋಕೆ ಆಗಲಿಲ್ವಾ? ಈ ಎರಡು ತಿಂಗಳು ನಾನು ಹೇಗಿದ್ದೆ ಅಂತ ಗೊತ್ತಾ? ಸಿಟ್ಟು ಹೋಗಿದ್ರೂ ಸುಮ್ಮನಿದ್ದೆ ಅಂದ್ರೆ ಇನ್ನೇನೋ ಇದೆ. ಏನು ಅಂತ ಹೇಳು.

ನಿನ್ನ
ನೇದಾ


ಸುಹಾ ದ್ರಾಗಾ
ಫೆಬ್ರವರಿ 19

ನೇದಾ,

ಸಿಟ್ಟು ಮೂರು ದಿನಕ್ಕೇ ಇಳೀತು. ನಿಂಗೆ ಗೊತ್ತಲ್ಲ, ನಂದು ಹಾಲು ಉಕ್ಕಿದ ಹಾಗೆ. 'ಜನ ತಿಂತಿದಾರೆ' ಅಂತ ಬರೆದಿದ್ದೆಯಲ್ಲ, ಆ ಸಾಲು ಬಿಡಲಿಲ್ಲ. ಮೊದಲು ಆಂಜಾ ಮೊಮ್ಮಕ್ಕಳು ನೆನಪಾದರು. ಚಿಪ್ಪಿ ತಿಂದು ಬೆರಳು ನೆಕ್ಕೋ ಮುಂಡೇವು.

ಬೆಟ್ಟದ ಕಡೆಯಿಂದ ಕೊರೆಯೋ ಬೂರಾ ಗಾಳಿ ಬೀಸ್ತಿತ್ತು. ದೋಣೀಲಿ ಕೂತು ಒಬ್ಬಳೇ ಎಳೆದೆ. ತುಂಬಿದ ಹಗ್ಗ ಭಾರ, ಕೈ ಎಲ್ಲಾ ಸೀಳಿತು. ಎರಡು ವರ್ಷ ಕಾದು ಬೆಳೆಸಿದ್ದನ್ನ ಚಿಪ್ಪಿ ಸಮೇತ ದಂಡೆಗೆ ಎಸೆಯೋದು ಅಂದ್ರೆ... ಬಿಡು. ಮನೆಗೆ ಬಂದು ಕೈ ತೊಳೀವಾಗ ನೋಡಿದೆ, ಉಗುರು ಸಂದಿನಲ್ಲೆಲ್ಲಾ ನೀಲಿ ನಾರು. ಅಷ್ಟು ವರ್ಷ ಅದನ್ನ ತೊಳೀತಿದ್ದೆ, ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ.

ಆಮೇಲೆ ಮಾಮನ ಮನೆಗೆ ಹೋದೆ. ಹೇಳಿದೆ. ಅವರ ಮುಖ ಕೆಂಪಗಾಯ್ತು, ಬಾಯಿ ತೆರೀತು, ಮುಚ್ಚಿತು, ತೆರೀತು. ಅರ್ಧ ಗಂಟೆ ಕೂಗಿರಬೇಕು. ನಂಗೆ ನಾಲ್ಕು ಮಾತು ಕೇಳಿಸಿತು, ಆ ನಾಲ್ಕೂ ಕಾಗದದಲ್ಲಿ ಬರೆಯೋ ಹಾಗಿಲ್ಲ. ಮೊದಲನೇ ಸಲ ಈ ಕಿವಿಗೆ ಥ್ಯಾಂಕ್ಸ್ ಹೇಳಿದೆ. ಲಾರೀಲಿ ತಂದಿದ್ದು ನೀವೇ ಅಲ್ವಾ ಅಂತ ನಾನು ಅನ್ನಲಿಲ್ಲ. ಬೀಜ ಕೊಟ್ಟೋಳು ನಾನು. ಕೂಗಿ ಸುಸ್ತಾದಮೇಲೆ ಅವರೂ ಹಗ್ಗ ಎತ್ತಿದರು, ನನ್ನ ಕಡೆ ಬೆನ್ನು ಹಾಕ್ಕೊಂಡು.

ಆಂಜಾ ಕೂಗಲಿಲ್ಲ. ಎಲ್ಲಾ ಕೇಳಿ ಬಾಗಿಲು ಹಾಕ್ಕೊಂಡಳು, ಮೆಲ್ಲಗೆ. ಅವತ್ತಿಂದ ಮಾತಿಲ್ಲ. ಅಂಗಡೀಲೂ ಹಾಗೇ. ನಾನು ಒಳಗೆ ಹೋದ್ರೆ ತುಟಿಗಳು ನಿಂತುಹೋಗ್ತವೆ. ಕಿವುಡಿಗೆ ಏನು ವ್ಯತ್ಯಾಸ ಅಂತ ನೀನು ಅಂದ್ಕೋಬಹುದು. ಇದೆ ಕಣೇ. ಬೇಕಾದಷ್ಟಿದೆ.

ಬೆಳಿಗ್ಗೆ ಎದ್ದು ದಂಡೆಗೆ ಹೋಗ್ತೀನಿ. ನೀರು ನೋಡ್ತೀನಿ, ವಾಪಸ್ ಬರ್ತೀನಿ. ಕಾಯೋಕೆ ಏನೂ ಇಲ್ಲ.

ಆದ್ರೆ ನಾನು ಬರೆಯದೇ ಇದ್ದದ್ದು ಇದಕ್ಕಲ್ಲ. ದೋಣೀಲಿ ಹಗ್ಗ ಎಳೀತಾ ಒಂದು ಲೆಕ್ಕ ಹಾಕಿಬಿಟ್ಟೆ. ಈ ಹಗ್ಗದ ಮೊದಲನೇ ಬೆಳೆ ಕೈಗೆ ಬಂದಿದ್ದು ನೀನು ಬಸುರಿ ಇದ್ದ ಚಳಿಗಾಲ. ರಕ್ತ ಕಮ್ಮಿ ಇದೆ ಅಂದಿದ್ರಲ್ಲ ಡಾಕ್ಟರು, ಚಿಪ್ಪಿ ತಿಂದ್ರೆ ರಕ್ತ ಬರತ್ತೆ ಅಂತ ನಾನೇ ತಿಂಗಳಿಗೊಂದಿದ್ದ ಡಬ್ಬಾನ ವಾರಕ್ಕೊಂದು ಮಾಡಿದೆ. ದಪ್ಪ ದಪ್ಪದ್ದು ಆರಿಸಿ ನಿಂಗೇ ಅಂತ ಎತ್ತಿಡ್ತಿದ್ದೆ. ತಿನ್ನು ತಿನ್ನು ಅಂತ ಪ್ರತೀ ಕಾಗದದಲ್ಲೂ ಬರೆದೆ. ನೀನು ತಿಂದೆ.

ನಾನು ಏನು ಕೇಳ್ತಿದೀನಿ ಅಂತ ನಿಂಗೆ ಗೊತ್ತಾಯ್ತು. ಇದನ್ನ ಕೇಳೋ ಧೈರ್ಯ ಬರೋಕೆ ಇಷ್ಟು ದಿನ ಹಿಡೀತು. ನೀನು ಓದಿದೋಳು, ನಿಂಗೆ ಗೊತ್ತಿರತ್ತೆ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಬರೀಬೇಡ, ಪುಟ್ಟಿ. ನಾನಾ ಅದನ್ನ ಮಾಡಿದ್ದು?

ಯೆರ್ಕಾ


ಸ್ಪ್ಲಿಟ್
ಮಾರ್ಚ್ 2

ಅಕ್ಕಾ,

'ಅಲ್ಲ' ಅಂತ ಬರೆಯೋಕೆ ಕೂತೆ. ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ನೀನು ಸುಳ್ಳು ಬೇಡ ಅಂದಿದೀಯ.

ನಂಗೆ ಗೊತ್ತಿಲ್ಲ ಅಕ್ಕಾ. ಎಷ್ಟೋ ಬಸಿರು ಯಾಕೆ ನಿಲ್ಲಲ್ಲ ಅಂತ ಯಾರಿಗೂ ಗೊತ್ತಾಗಲ್ಲ. ನಂಗೆ ಮೂವತ್ತೊಂಬತ್ತಾಗಿತ್ತು. ಡಾಕ್ಟರು ಎಲ್ಲಾ ಪರೀಕ್ಷೆ ಮಾಡಿ, ಕಾರಣ ಸಿಗಲಿಲ್ಲ ಅಂತ ಕೈ ಚೆಲ್ಲಿದರು. ನಿನ್ನ ಚಿಪ್ಪಿಯಿಂದ ಅಂತ ಹೇಳೋಕೆ ಯಾವ ಆಧಾರವೂ ಇಲ್ಲ. ಅಲ್ಲವೇ ಅಲ್ಲ ಅಂತ ಹೇಳೋಕೂ ಇಲ್ಲ. ಆಗಲೂ ಗೊತ್ತಿರಲಿಲ್ಲ, ಇನ್ನು ಮುಂದೆ ಗೊತ್ತಾಗೋದೂ ಇಲ್ಲ. ಯಂತ್ರದ ಮುಂದೆ ಕೂತು ಇಡೀ ದಿನ ಅಳತೆ ಮಾಡೋ ನಾನು ನಿಂಗೆ ಕೊಡೋಕೆ ಸಾಧ್ಯವಾದದ್ದು ಇಷ್ಟೇ. ನಂಗೆ ನಾಚಿಕೆಯಾಗತ್ತೆ.

ಆ ಸಂಖ್ಯೆ ಪರದೆ ಮೇಲೆ ಬಂದ ದಿನ ನಾನೂ ಅದೇ ಲೆಕ್ಕ ಹಾಕಿದೆ. ಸಮುದ್ರ ನೆನಪಾಗಲಿಲ್ಲ, ವರದಿ ನೆನಪಾಗಲಿಲ್ಲ. ನಿಂಗೆ ಆ ಯೋಚನೆ ಬರದೇ ಇರಲಿ ಅಂತ ಬೇಡ್ಕೊಂಡೆ. ಅಷ್ಟಾದ್ರೂ ನಿನ್ನ ಮೇಲೆ ಒಂದು ಕ್ಷಣವೂ ಸಿಟ್ಟು ಬರಲಿಲ್ಲ. ಇದು ಮಾತ್ರ ನಂಗೆ ಗೊತ್ತಿರೋ ವಿಷಯ, ಅಳೆಯದೇ ಗೊತ್ತಿರೋದು.

ನಾನು ಅಲ್ಲಿಗೆ ಬರೋದು ಬಿಟ್ಟಿದ್ದಕ್ಕೆ ಕಾರಣ ಚಿಪ್ಪಿಯಲ್ಲ. ಎಲ್ಲರೂ ಬಂದು 'ಹೋಗ್ಲಿ ಬಿಡು, ಇನ್ನೊಂದು ಆಗತ್ತೆ' ಅಂದ್ರು. ನೀನು ಅದನ್ನೂ ಅನ್ನಲಿಲ್ಲ, ಏನನ್ನೂ ಕೇಳಲಿಲ್ಲ. ಡಬ್ಬ ಮಾತ್ರ ಬರ್ತಾ ಇತ್ತು. ನಿನ್ನ ಮನೇಲಿ ಕೂತು ನೀನು ಏನೂ ಕೇಳದೇ ಇರೋದನ್ನ ಕಣ್ಣಾರೆ ನೋಡೋ ಶಕ್ತಿ ನಂಗಿರಲಿಲ್ಲ. ವಿಂಕೊ ಹತ್ರ ಮಾತಾಡೋಕೆ ಹೋದ್ರೆ ಅವನು ಕಿಟಕಿ ಕಡೆ ತಿರುಗ್ತಾನೆ. ಹಾಗಾಗಿ ಇವತ್ತಿನವರೆಗೂ ಯಾರ ಹತ್ರವೂ ಹೇಳಿಲ್ಲ.

ಈಗ ನೀನು ಕೇಳಿದೀಯ. ಇಷ್ಟು ಕೆಟ್ಟ ಪ್ರಶ್ನೆ ಕೇಳಿದೀಯ, ಆದ್ರೂ ಕೇಳಿದೆ. ಅದಕ್ಕೇ ಹೇಳ್ತೀನಿ. ಹೆಣ್ಣು ಮಗು. ಆರನೇ ತಿಂಗಳು. ಕೈಬೆರಳೆಲ್ಲಾ ಪೂರ್ತಿ ಬೆಳೆದಿದ್ವು, ನಂಗೆ ತೋರಿಸಿದರು. ಅವಳಿಗೆ ನಾವು ಹೆಸರು ಆರಿಸಿ ಇಟ್ಟಿದ್ವಿ.

ಯೆರ್ಕಾ ಅಂತ.

ನಿನ್ನ
ನೇದಾ


ಸುಹಾ ದ್ರಾಗಾ
ಮಾರ್ಚ್ 7

ಪುಟ್ಟಿ,

ಅಯ್ಯೋ ಪೆದ್ದೀ! ಈ ಕಾಲದಲ್ಲಿ ಯಾರಾದ್ರೂ ಕೂಸಿಗೆ ಯೆರ್ಕಾ ಅಂತ ಹೆಸರಿಡ್ತಾರೇನೇ? ಅದು ಹಲ್ಲುದುರಿದ ಮುದುಕಿಯರ ಹೆಸರು. ನಂಗೇ ಇಟ್ಟಾಗಲೇ ಹಳೇದಾಗಿತ್ತು, ಅಜ್ಜಿಯ ಹಟಕ್ಕೆ ಇಟ್ಟಿದ್ದು. ಶಾಲೇಲಿ ಹುಡುಗ್ರು ಆ ಮಗೂನ ಅಳಿಸಿ ಕಳಿಸ್ತಿದ್ರು. ನಂಗೆ ಹೇಳಿದ್ದಿದ್ರೆ ಅವತ್ತೇ ನಿನ್ನ ಹತ್ರ ಜಗಳ ತೆಗೀತಿದ್ದೆ. ಜಗಳ ಆಡಿ, ಆಮೇಲೆ ಊರಲ್ಲಿ ಒಂದು ಮನೆ ಬಿಡದೆ ಹೇಳ್ಕೊಂಡು ಬರ್ತಿದ್ದೆ.

ನಿನ್ನ 'ಗೊತ್ತಿಲ್ಲ'ವನ್ನ ಎಷ್ಟು ಸಲ ಓದಿದೆನೋ. ಅದು ನನ್ನ ಜೊತೆ ಇರತ್ತೆ, ಸಾಯೋವರೆಗೂ ಇರತ್ತೆ. ಇರಲಿ. ಅಲ್ಲ ಅಂತ ಬರೆದಿದ್ರೆ ನಾನು ನಂಬ್ತಿರಲಿಲ್ಲ, ಪೂರ್ತಿ ಒಂಟಿಯಾಗಿಬಿಡ್ತಿದ್ದೆ.

ಕಾಗದ ಹಿಡ್ಕೊಂಡು ದಂಡೆಗೆ ಹೋದೆ. ಯಾರೂ ಇರಲಿಲ್ಲ. ಇದ್ದಿದ್ರೂ ನಂಗೇನು. ಆ ಹೆಸರನ್ನ ನಂಗೆ ಕೇಳಿಸೋಷ್ಟು ಜೋರಾಗಿ ಕೂಗಿದೆ. ನನ್ನನ್ನ ನಾನೇ ಕರ್ಕೊಂಡಂತಲ್ಲ ಕಣೇ. ಅವಳನ್ನ. ಯಾರೂ ಅವಳನ್ನ ಒಂದು ಸಲವೂ ಕರೆದಿರಲಿಲ್ವಲ್ಲ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರ್ತಿದೀನಿ. ಡಬ್ಬ ಇಲ್ಲ, ಏನೂ ಇಲ್ಲ, ನಾನೊಬ್ಬಳೇ. ಬೆರಳು ಹೇಗಿದ್ವು, ಮೂಗು ಯಾರ ಹಾಗಿತ್ತು, ಎಲ್ಲಾ ಹೇಳ್ಬೇಕು ನೀನು. ನನ್ನ ಎಡಗಡೆ ಕೂತ್ಕೊಂಡು ಗಟ್ಟಿಯಾಗಿ ಹೇಳು. ಆ ಕಿವಿ ಇನ್ನೂ ಸ್ವಲ್ಪ ಕೇಳತ್ತೆ.

ನಿನ್ನ ಅಕ್ಕ,
ಯೆರ್ಕಾ